ಕಳೆಗೆ ಕಂಬಳಿ ಹೊದಿಸುವಾಕೆ

ಒಂದು ಲಾರಿ ಮರದ ಚಕ್ಕೆ ಪಟ್ಟಣದಿಂದ ಬಂದು ಬೀಳಬೇಕಾದರೆ ಹದಿನಾಲ್ಕು ಸಾವಿರ ಸೋಮ್. ಅದು ತೋಟದ ಕೆಲಸದ ಜೂರಕಾನ್ ಅವರ ತಿಂಗಳ ಸಂಬಳಕ್ಕಿಂತ ಹೆಚ್ಚು. ಒಣಹುಲ್ಲು ಕೇಳುವ ಹಾಗೇ ಇಲ್ಲ. ಚಳಿಗಾಲಕ್ಕೆ ಹಸುವಿಗೆ ಹಾಕುವುದನ್ನು ಹೂಗಿಡದ ಬುಡಕ್ಕೆ ಸುರಿಯುತ್ತೇನೆಂದರೆ ಊರಿನವರು ಮುಖ ಮುಖ ನೋಡುತ್ತಾರೆ. ಸೂರ್ಯಕಾಂತಿ ಬೀಜದ ಸಿಪ್ಪೆ ಎಣ್ಣೆ ಗಿರಣಿಯಲ್ಲಿ ಬಿಟ್ಟಿ ಸಿಗುತ್ತದೆ, ಹೊತ್ತು ತರುವ ಬೆನ್ನು ನಿಮ್ಮದಾಗಿದ್ದರೆ. ಕುರಿಯ ಉಣ್ಣೆ ಕತ್ತರಿಸಿ ಗುಡಿಸಿ ಹಾಕಿದ ಕಸವೂ ಬಿಟ್ಟಿಯೇ. ಅದರ ನಿಜವಾದ ಬೆಲೆ ಮರುವರ್ಷ ಗೊತ್ತಾಗುತ್ತದೆ. ಇನ್ನು ಉಳಿದದ್ದು ಉಣ್ಣೆಮನೆಯ, ಅಂದರೆ ಕುರಿಗಾಹಿಗಳ ಉಣ್ಣೆ ಗುಡಾರದ, ಹಳೆಯ ಹಾಸು. ಅದನ್ನು ಯಾರೂ ಮಾರುವುದಿಲ್ಲ, ಯಾರೂ ಕೊಳ್ಳುವುದಿಲ್ಲ. ಕೊಟ್ಟರೆ, ಏನನ್ನಾದರೂ ಕೇಳಿಯೇ ಕೊಡುತ್ತಾರೆ.

ಸೆಪ್ಟೆಂಬರಿನ ಒಂದು ಬೆಳಗು. ಇಸಿಕ್-ಕುಲ್ ಸರೋವರದ ದಕ್ಷಿಣ ದಂಡೆ, ಸಾರಿ-ಜಾರ್ ಊರಿನ ಆರೋಗ್ಯಧಾಮದ ಹಿತ್ತಲು. ನೀರಿನ ಮೇಲೆ ಇನ್ನೂ ಬಣ್ಣ ಬಂದಿಲ್ಲ. ಜೂರಕಾನ್ ತಗಡಿನ ತೊಟ್ಟಿಗೆ ಸಿಪ್ಪೆಯ ಚೀಲ ಸುರಿದು, ನೀರು ಬಿಟ್ಟು, ಮೊಣಕೈವರೆಗೆ ಕೈ ಇಳಿಸಿ ಕಲಸುತ್ತಿದ್ದಾರೆ. ಒಣ ಸಿಪ್ಪೆಯನ್ನೇ ಹರಡಿದರೆ ಬಿಸಿಲೇರಿದ ಮೇಲೆ ಏಳುವ ಗಾಳಿ ಅದನ್ನೆಲ್ಲ ಎತ್ತಿ ಊಟದ ಮನೆಯ ಕಿಟಕಿಗೆ ಹೊಡೆಯುತ್ತದೆ. ಹಾಗಾಗಿ ನೆನೆಸಬೇಕು, ಗಾಳಿಗಿಂತ ಮುಂಚೆ ಹರಡಬೇಕು, ಮೇಲೆ ಒಂದಿಷ್ಟು ಮಣ್ಣು ಚೆಲ್ಲಿ ಕೂರಿಸಬೇಕು. ಕೈಗಾಡಿ ತುಂಬಿಸಿ ಪಾತಿಗೆ ತಳ್ಳಿಕೊಂಡು ಹೋಗುತ್ತಾರೆ. ಮೊಣಕಾಲಿಗೆ ಹಳೆಯ ಟೈರಿನ ತುಂಡು ಕಟ್ಟಿಕೊಂಡಿದ್ದಾರೆ. ಮಂಡಿಯೂರಿ, ಗಿಡದಿಂದ ಗಿಡಕ್ಕೆ ಹಾಗೆಯೇ ಸರಿಯುತ್ತ, ನಾಲ್ಕು ಬೆರಳು ದಪ್ಪಕ್ಕೆ ಸಿಪ್ಪೆ ಹರಡುತ್ತಾರೆ. ಪ್ರತಿ ಗಿಡದ ಸುತ್ತ ಅಂಗೈಯಗಲ ನೆಲ ಬರಿದಾಗಿ ಬಿಡುತ್ತಾರೆ.

"ನೆತ್ತಿ ಮೇಲೆ ಹಾಕಬಾರ್ದು. ಹಾಕಿದ್ರೆ ಕೊಳೆಯುತ್ತೆ. ಕೊಳೀದೇ ಇದ್ರೂ ಮುನಿಸ್ಕೊಂಡು ಹೂ ಬಿಡಲ್ಲ," ಎನ್ನುತ್ತಾರೆ. "ನಮ್ಮತ್ತೆ ಹೀಗೇ ಇದ್ರು. ಹೊದಿಕೆ ಬೇಕು, ಆದ್ರೆ ಮುಖದ ಮೇಲೆ ಎಳೆದ್ರೆ ಬೈಗುಳ."

ಇವು ಪಿಯೋನಿ ಗಿಡಗಳು. ಒಮ್ಮೆ ನೆಟ್ಟರೆ ನೆಟ್ಟವರಿಗಿಂತ ಹೆಚ್ಚು ಕಾಲ ಬದುಕುವ ಜಾತಿ. ಚಳಿಗೆ ನೆಲದ ಮೇಲಿನದೆಲ್ಲ ಸಾಯುತ್ತದೆ. ಏಪ್ರಿಲ್‌ನಲ್ಲಿ ಕೆಂಪು ಮೂಗು ಹೊರಗೆ ಹಾಕುತ್ತದೆ. ಜೂನ್‌ನಲ್ಲಿ ಬೋಗುಣಿಯಷ್ಟು ದೊಡ್ಡ ಹೂವು. ಜೊತೆಗೆ ಐರಿಸ್, ಹಳದಿ ಲಿಲ್ಲಿ, ಇನ್ನೂ ಕೆಲವು. ಯಾವುದನ್ನೂ ವರ್ಷವರ್ಷ ಬಿತ್ತಬೇಕಾಗಿಲ್ಲ. ಆದರೆ ನೆಲವನ್ನು ವರ್ಷವರ್ಷ ಉತ್ತು ಹಸನು ಮಾಡುವುದಕ್ಕೂ ಆಗುವುದಿಲ್ಲ, ಬೇರು ಕೆಳಗಿದೆ. ಹೀಗೆ ಉಳದೆ ಬಿಟ್ಟ ನೆಲ ಕಳೆಗೆ ಗೊತ್ತು. ಇಲ್ಲಿನ ಕಳೆಯೆಂದರೆ ಮುಖ್ಯವಾಗಿ ಸುತ್ತುಬಳ್ಳಿ. ಬಿಳಿ ದಾರದಂಥ ಬೇರು ಆಳುದ್ದ ಇಳಿಯುತ್ತದೆ. ಕಿತ್ತರೆ ತುಂಡಾಗುತ್ತದೆ, ಪ್ರತಿ ತುಂಡೂ ಒಂದು ಗಿಡವಾಗುತ್ತದೆ. ಅದಕ್ಕೆ ಬೆಳಕು ತಪ್ಪಿಸುವುದೊಂದೇ ದಾರಿ. ಮುಚ್ಚಿಗೆ ಹಾಕುವುದು ಎಂದರೆ ಅದೇ: ನೆಲಕ್ಕೆ ಏನನ್ನಾದರೂ ಹೊದಿಸಿ, ಬೇಡದ್ದನ್ನು ಕತ್ತಲಲ್ಲಿ ಹಸಿವಿಗೆ ಕೆಡವುವುದು.

"ಊರಲ್ಲಿ ಕೇಳ್ತಾರೆ, ತೋಟದಲ್ಲಿ ಏನು ಬೆಳೆಸ್ತೀಯ ಅಂತ. ಏನೂ ಬೆಳೀದೇ ಇರೋ ಹಾಗೆ ನೋಡ್ಕೊಳ್ತೀನಿ ಅಂತೀನಿ. ಹೂವು ತಾನಾಗೇ ಬರುತ್ತೆ, ಅದರಲ್ಲಿ ನಂದೇನಿದೆ? ನಂಗೆ ಸಂಬಳ ಕೊಡೋದು ಬರದೇ ಇರೋದಕ್ಕೆ."

ಅತಿಥಿಗಳ ಕಾಲ ಮುಗಿದು ಎರಡು ವಾರವಾಗಿದೆ. ದಾದಿಯರು ಮನೆಗೆ ಹೋಗಿದ್ದಾರೆ, ಅಡುಗೆಮನೆಗೆ ಬೀಗ ಬಿದ್ದಿದೆ, ದೋಣಿಗಳು ಬೋರಲಾಗಿವೆ. ಉಳಿದಿರುವುದು ಗೇಟಿನ ಕಾವಲುಗಾರ, ಅವನ ನಾಯಿ, ಮತ್ತು ಜೂರಕಾನ್. ಕಾವಲುಗಾರ ದಿನವಿಡೀ ಕಿವಿಗೆ ರೇಡಿಯೊ ಹಚ್ಚಿಕೊಂಡಿರುತ್ತಾನೆ. ಈ ಬೆಳಗು ಮಾತನಾಡಿಸುವವರು ಬಾರದೇ ಇದ್ದಿದ್ದರೆ ಮಧ್ಯಾಹ್ನದವರೆಗೆ ಜೂರಕಾನ್ ಬಾಯಿಂದ ಹೊರಡುತ್ತಿದ್ದ ಮಾತು, ಪಾತಿ ಕೆದರಲು ಬಂದ ನಾಯಿಗೆ ಹೇಳುವ "ಆಚೆ ಹೋಗು" ಒಂದೇ.

ಮೊದಲು ಹೀಗಿರಲಿಲ್ಲ. ಇಪ್ಪತ್ತೆರಡರ ಸೊಸೆಯಾಗಿ ಈ ಊರಿಗೆ ಬಂದಾಗ ಇಲ್ಲಿ ಒಂಬತ್ತು ಮಂದಿ ತೋಟದವರಿದ್ದರು. ಈಗ ಅರವತ್ಮೂರು, ಒಬ್ಬರೇ. ಗಂಡ ಆರೋಗ್ಯಧಾಮದ ಬಸ್ಸು ಓಡಿಸುತ್ತಿದ್ದವರು, ತೀರಿಕೊಂಡು ಹತ್ತು ವರ್ಷ. ಮಕ್ಕಳಿಲ್ಲ. ಎರ್ನಾ ಎಂಬ ಜರ್ಮನ್ ಮೂಲದ ಹೆಂಗಸು ಇವರಿಗೆ ಕೆಲಸ ಕಲಿಸಿದವಳು. ಇಬ್ಬರೂ ಸೇರಿ ನೆಟ್ಟದ್ದು ಸರೋವರದ ಕಡೆಯ ಕೆಳಪಾತಿ. ಅದರಲ್ಲಿ ಎಲ್ಲವೂ ಬಿಳಿಯ ಪಿಯೋನಿ. ಹಳೆಯ ಒಕ್ಕೂಟ ಒಡೆದು ದೇಶ ಬದಲಾದ ಕಾಲದಲ್ಲಿ ಎರ್ನಾ ತನ್ನವರ ಜೊತೆ ಜರ್ಮನಿಗೆ ಹೊರಟುಹೋದಳು. ಉಳಿದವರಲ್ಲಿ ಕೆಲವರು ಮುದುಕರಾದರು, ಕೆಲವರು ಸಂಬಳ ಸಾಲದೆ ಸಂತೆಯಲ್ಲಿ ಅಂಗಡಿ ಹಾಕಿದರು.

"ಒಂಬತ್ತು ಜನ ಇದ್ದಾಗ ಕಳೆಗೆ ಕೈಯೇ ಸಾಕಿತ್ತು. ಕೀಳ್ತಾ ಕೀಳ್ತಾ ಇಡೀ ಊರಿನ ಸುದ್ದಿ ಮಾತಾಡ್ತಿದ್ವಿ. ಒಬ್ಬಳೇ ಆದಮೇಲೆ ಹೊದಿಸೋದು ಬಿಟ್ರೆ ಬೇರೆ ಏನೂ ತೋಚಲಿಲ್ಲ. ಮಾತಿಗೂ ಯಾರಿಲ್ಲ."

ಮೂರು ಬೇಸಿಗೆಯ ಹಿಂದೆ ಎರ್ಮೆಕ್ ಎಂಬ ನಲವತ್ತರ ಆಸುಪಾಸಿನವರು ಆರೋಗ್ಯಧಾಮವನ್ನು ಗುತ್ತಿಗೆಗೆ ಹಿಡಿದರು. ಸೋರುವ ಮಾಡಿಗೆ ತಗಡು ಹಾಕಿಸಿದ್ದು, ಬಿಸಿನೀರು ಬರುವಂತೆ ಮಾಡಿದ್ದು ಅವರೇ. ಜೂರಕಾನ್ ಅವರ ಬಗ್ಗೆ ಕೆಟ್ಟ ಮಾತು ಆಡುವುದಿಲ್ಲ. ಆದರೆ ಅತಿಥಿಗಳು ಈಗ ಕಾರಿನಲ್ಲಿ ಬರುತ್ತಾರೆ, ಕಾರು ನಿಲ್ಲಿಸಲು ಜಾಗ ಬೇಕು, ಕೆಳಪಾತಿ ದಾರಿಯ ಪಕ್ಕದಲ್ಲೇ ಇದೆ. ಪಾತಿ ತುಂಬ ಹೂವಿದ್ದಿದ್ದರೆ ಅದರ ಮೇಲೆ ಯಾರ ಕಣ್ಣೂ ಬೀಳುತ್ತಿರಲಿಲ್ಲ. ಇದ್ದದ್ದು ಸುತ್ತುಬಳ್ಳಿ.

ಆ ವರ್ಷವೇ ಜೂರಕಾನ್ ಒಂದು ತಪ್ಪು ಮಾಡಿದರು. ಕುರಿ ಸಾಕುವ ಈ ದಂಡೆಯವರಿಗೆ ಮಾತ್ರ ಹೊಳೆಯಬಹುದಾದ ತಪ್ಪು. ಉಣ್ಣೆ ಕತ್ತರಿಸುವ ಕೊಟ್ಟಿಗೆಯಲ್ಲಿ ಹೊಟ್ಟೆಯ ಕೆಳಗಿನ, ಕಾಲಿನ ಒರಟು ಉಣ್ಣೆಯನ್ನು ಕೊಳ್ಳುವವರಿಲ್ಲದೆ ರಾಶಿ ಹಾಕಿರುತ್ತಾರೆ. ದಪ್ಪಗಿದೆ, ಗಾಳಿಗೆ ಹಾರುವುದಿಲ್ಲ, ಬಿಟ್ಟಿ. ಕೈಗಾಡಿಯಲ್ಲಿ ತಂದು ತಂದು ಇಡೀ ಕೆಳಪಾತಿಗೆ ಹಾಸಿದರು. ಬೇಸಿಗೆಯಿಡೀ ಪಾತಿ ಚೊಕ್ಕವಾಗಿತ್ತು. ಮರುವರ್ಷ ವಸಂತದಲ್ಲಿ ಉಣ್ಣೆಯೊಳಗಿನಿಂದಲೇ ಮೊಳಕೆ ಎದ್ದವು. ಕುರಿ ಎಲ್ಲೆಲ್ಲಿ ಮೇಯ್ದಿತ್ತೋ ಅಲ್ಲಿನ ಮುಳ್ಳುಕಾಯಿ, ಅಂಟುಬೀಜ ಎಲ್ಲವೂ ಅದರಲ್ಲಿತ್ತು. ಸುತ್ತುಬಳ್ಳಿಗೆ ಹತ್ತಿಕೊಳ್ಳಲು ಮುಳ್ಳುಗಿಡದ ಕಂಬ ಸಿಕ್ಕಿತು.

"ಬೆಟ್ಟಾನೇ ತಂದು ಹಾಸಿದ್ದೆ," ಎಂದು ಜೂರಕಾನ್ ನಗುತ್ತಾರೆ. ಆಗ ನಕ್ಕಿರಲಿಲ್ಲ. ಊರಿನಲ್ಲಿ ಅವರಿಗೆ 'ಮುಳ್ಳುತೋಟದ ಅಪಾ', ಅಂದರೆ ಮುಳ್ಳುತೋಟದ ಅಮ್ಮ, ಎಂದು ಹೆಸರು ಬಿತ್ತು.

ಎರ್ಮೆಕ್ ಬಂದು ನೋಡಿದರು. ಆ ಮಾತನ್ನು ಜೂರಕಾನ್ ಇದ್ದ ಹಾಗೆಯೇ ಹೇಳುತ್ತಾರೆ.

"ಅಪಾ, ನಂಗೇನು ಹೂವಿನ ಮೇಲೆ ಹಗೆ ಇಲ್ಲ. ಆದ್ರೆ ಹೂವು ಕಾಣಬೇಕಲ್ಲ? ನಂಗೆ ಕಾಣ್ತಿರೋದು ಬಳ್ಳಿ, ಮುಳ್ಳು."

"ಇನ್ನೊಂದು ವರ್ಷ ಬಿಡು ಮಗಾ."

"ಬಿಡ್ತೀನಿ. ಮುಂದಿನ ಜೂನ್ ಒಂದನೇ ತಾರೀಕು ಮೊದಲ ಬಸ್ಸು ಬರತ್ತೆ. ಅವತ್ತು ನಾನೂ ನೀವೂ ನಿಂತ್ಕೊಂಡು ನೋಡೋಣ. ಚೊಕ್ಕವಾಗಿದ್ರೆ ಕೆಳಪಾತಿ ನಿಮ್ಮದು, ನಾನು ಇರೋವರೆಗೆ ಯಾರೂ ಮುಟ್ಟಲ್ಲ. ಇಲ್ದಿದ್ರೆ ಜಲ್ಲಿ ಹಾಕಿಸ್ತೀನಿ. ಆಮೇಲೆ ನನ್ನ ಮೇಲೆ ಬೇಜಾರು ಮಾಡ್ಕೋಬಾರ್ದು."

ಬೇಜಾರು ಮಾಡಿಕೊಳ್ಳುವಂಥ ಮಾತಲ್ಲ ಎಂದೇ ಜೂರಕಾನ್ ಒಪ್ಪಿದರು.

ಅದೇ ವಾರ, ಮುಳ್ಳು ನೋಡಿ ನಗುವುದಕ್ಕೆಂದು ಒಬ್ಬರು ಕುದುರೆಯ ಮೇಲೆ ಬಂದರು. ಷರ್ಷೆನ್. ಊರಿನ ಮೇಲ್ತುದಿಯ ಮನೆಯವರು, ಎಂಬತ್ತನಾಲ್ಕರ ಕುರಿಗಾಹಿ, ಜೂರಕಾನ್ ಗಂಡನ ದೊಡ್ಡಪ್ಪನ ಮಗ. ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆಯಾದವಳು ಬಾಯಲ್ಲಿ ಹೇಳುವಂತಿಲ್ಲ; ಜೂರಕಾನ್ ಅವರನ್ನು ಎದುರಿಗೆ 'ಬೈಕೆ' ಅಂದರೆ ಅಣ್ಣ ಎನ್ನುತ್ತಿದ್ದರು, ಹಿಂದೆ 'ಮೇಲ್ಮನೆಯವರು' ಎನ್ನುತ್ತಾರೆ. ಅವರಿಗೆ ಇವರು ಕೂದಲು ನೆರೆತ ಮೇಲೂ ಸೊಸೆಯೇ.

"ಈ ಮುಳ್ಳು ನನ್ನ ಕುರಿ ಮೇಯೋ ಕಡೆಯದು. ಗುರುತು ಸಿಕ್ತು," ಎಂದರಂತೆ ಅವರು ಕುದುರೆಯ ಮೇಲಿಂದಲೇ. "ಒಳ್ಳೇದಾಯ್ತು ಸೊಸೆ. ಮಂಡಿ ಹೋಗಿ ಬೆಟ್ಟ ಹತ್ತೋಕಾಗ್ದೆ ಮನೇಲಿ ಕೂತಿದ್ದೆ. ನೀನು ಬೆಟ್ಟಾನೇ ಕೆಳಗೆ ಇಳಿಸಿಬಿಟ್ಟೆ."

"ಇಳಿದು ಬಂದು ಕೀಳಿ ಬೈಕೆ, ನಿಮ್ಮದೇ ಆದ್ರೆ."

"ಕುರಿ ನಂದು. ಮುಳ್ಳು ದೇವರದು. ದಡ್ಡತನ ನಿಂದು."

ಆದರೆ ಇಳಿದರು. ಕೂತರು. ಏನು ಬೇಕು ನಿನಗೆ ಎಂದು ಕೇಳಿದರು. ಬೆಳಕು ಬಿಡದಂಥದ್ದು, ಬೀಜ ಇಲ್ಲದ್ದು, ಗಾಳಿಗೆ ಹಾರದ್ದು ಎಂದು ಜೂರಕಾನ್ ಹೇಳಿದರು. ಮುದುಕರು, "ಅದು ನಮ್ಮ ಕೊಟ್ಟಿಗೇಲಿ ಸುಮ್ಮನೆ ಬಿದ್ದಿದೆ," ಎಂದರು.

ಬೇಸಿಗೆಯಲ್ಲಿ ಮೇಲಿನ ಹುಲ್ಲುಗಾವಲಿಗೆ ಹೊತ್ತೊಯ್ದು ಕಟ್ಟುವ ದುಂಡನೆಯ ಉಣ್ಣೆಮನೆ ಅವರದು. ಅದರ ಮೈ ಮುಚ್ಚುವ ಹಾಸುಗಳು, ನೇಯದೆ, ಉಣ್ಣೆಗೆ ಬಿಸಿನೀರು ಹುಯ್ದು ಸುತ್ತಿ ತುಳಿದು ತುಳಿದು ಹಲಗೆಯಂತೆ ಗಟ್ಟಿ ಮಾಡಿದವು. ಮಾಡಿದ್ದು ಅವರ ಹೆಂಡತಿ, ಮದುವೆಯಾದ ವರ್ಷ. ಆಕೆ ಹೋಗಿ ಎಷ್ಟೋ ಕಾಲವಾಗಿತ್ತು. ಷರ್ಷೆನ್ ಎರಡು ಷರತ್ತು ಹಾಕಿದರು. ಒಂದು, ಕತ್ತರಿ ಮುಟ್ಟಿಸಬಾರದು. ಇಲ್ಲಿ ಸತ್ತವರನ್ನು ಅಂಗಳದಲ್ಲಿ ಕಟ್ಟಿದ ಉಣ್ಣೆಮನೆಯಲ್ಲಿ ಮಲಗಿಸಿ, ಮೂರನೆಯ ದಿನ ಅಲ್ಲಿಂದಲೇ ಮಣ್ಣಿಗೆ ಒಯ್ಯುತ್ತಾರೆ; ಎರಡನೆಯ ಷರತ್ತು ಅದರದು, ಅದನ್ನು ನಗುತ್ತಲೇ ಹೇಳಿದರು. ಜೂರಕಾನ್ ನೆನಪಿನಲ್ಲಿ ಅದು ಹೀಗಿದೆ:

"ನಾನು ಹೋದ ದಿನ ಇದನ್ನ ತಂದು ನನ್ನ ಮನೆಗೆ ಹೊದಿಸು. ಬಾಡಿಗೆ ಗುಡಾರದಿಂದ ನನ್ನನ್ನ ಹೊರಗೆ ಒಯ್ಯೋದು ಬೇಡ. ಅದಾದ್ಮೇಲೆ ನಿನ್ನ ಕಳೆಗೇ ಹೊದಿಸ್ಕೋ, ನಂಗೇನು."

"ಸರಿ ಬೈಕೆ," ಎಂದಿದ್ದರು ಜೂರಕಾನ್. ಅಲ್ಲಿ ಇದ್ದದ್ದು ಅವರಿಬ್ಬರು, ಜೊತೆಗೆ ಕುದುರೆ.

ಹಾಸು ಬಂತು. ಸಾಲುಗಳ ನಡುವೆ ಹಾಗೇ ಉದ್ದಕ್ಕೆ ಬಿಡಿಸಿದರು. ಕತ್ತರಿಸುವಂತಿಲ್ಲವಾದ್ದರಿಂದ ಗಿಡದ ಬುಡದ ಸಂದುಗಳಿಗೆ ಹಿಂದಿನ ಶರತ್ಕಾಲದಿಂದ ಉಳಿದಿದ್ದ ಸಿಪ್ಪೆ ತುಂಬಿದರು. ಊರಿನ ಹೆಂಗಸರಿಗೆ ಇದು ಸರಿಬರಲಿಲ್ಲ. ಯಾವುದರ ನೆರಳಲ್ಲಿ ಕೂತು ರೊಟ್ಟಿ ಮುರಿದರೋ, ಮಗು ಮಲಗಿಸಿದರೋ ಆ ಹಾಸನ್ನು ಕಳೆಯ ಮೇಲೆ ಎಸೆಯುತ್ತಾರೆಯೇ? ಷರ್ಷೆನ್ ತಮ್ಮನ ಹೆಂಡತಿ ಬುರುಲ್ ಎದುರಿಗೇ ಕೇಳಿದರು: "ನಮ್ಮ ಮನೆ ಮೇಲೆ ಬೂಟು ಹಾಕ್ಕೊಂಡು ಓಡಾಡ್ತೀಯಂತೆ, ಸಮಾಧಾನ ಆಯ್ತಾ?" ಆಮೇಲಿಂದ ಜೂರಕಾನ್ ಆ ಪಾತಿಯಲ್ಲಿ ಬೂಟು ಕಳಚಿಟ್ಟು ಕೆಲಸ ಮಾಡಿದರು.

ಜುಲೈ ಹೊತ್ತಿಗೆ ಸುತ್ತುಬಳ್ಳಿ ಬಿಳಿಚಿಕೊಂಡು ನೆಲಕ್ಕೆ ಅಂಟಿತು. ಆದರೆ ಪಿಯೋನಿ ಎಲೆಯೂ ಬಾಡತೊಡಗಿತು. ನಾಲ್ಕು ದಿನ ಚೆನ್ನಾಗಿ ಮಳೆಯಾಗಿತ್ತು, ಎಲೆ ಯಾಕೆ ಸೊರಗಬೇಕು? ಹಾಸಿನ ಅಂಚು ಎತ್ತಿ ನೋಡಿದರೆ ಕೆಳಗೆ ನೆಲ ಬೂದಿಯ ಹಾಗೆ ಒಣಗಿತ್ತು. ಆ ಶುಕ್ರವಾರ ಬಂದ ಷರ್ಷೆನ್‌ಗೆ ಹೇಳಿದಾಗ ಅವರು ನಗುವುದನ್ನು ನಿಲ್ಲಿಸಲು ಕುದುರೆಯ ಕುತ್ತಿಗೆ ಹಿಡಿದುಕೊಳ್ಳಬೇಕಾಯಿತು.

"ನಮ್ಮವಳು ಅದನ್ನ ಮಾಡಿದ್ದೇ ಮಳೆ ಒಳಗೆ ಬರಬಾರ್ದು ಅಂತ. ಅವಳ ಕೆಲಸ ನಿನ್ನ ಹೂವಿಗೋಸ್ಕರ ಸೋರಬೇಕಾ?"

"ನಂಗೆ ಹೊಳೀಲಿಲ್ಲ."

"ಉಣ್ಣೆಮನೇಲಿ ಹುಟ್ಟಿದೋಳಿಗೆ ಹೊಳೀಲಿಲ್ಲ. ಇನ್ನು ಯಾರಿಗೆ ಹೊಳೀಬೇಕು, ನಿನ್ನ ಪಿಯೋನಿಗಾ?"

ದಾರಿ ತೋರಿಸಿದ್ದು ಮಳೆಯಲ್ಲ, ಕಾಲುವೆ. ಮೇಲಿನಿಂದ ಇಳಿಯುವ ಹಿಮದ ನೀರಿನ ಕಾಲುವೆ ಈ ಊರಿನ ಪ್ರತಿ ಹಿತ್ತಲಲ್ಲೂ ಹರಿಯುತ್ತದೆ. ಜೂರಕಾನ್ ಸಾಲುಗಳ ನಡುವೆ ಗುದ್ದಲಿಯಿಂದ ಸಣ್ಣ ಸಣ್ಣ ಕಾಲುವೆ ತೆಗೆದು, ಮೇಲೆ ಹಾಸು ಎಳೆದು, ತಮ್ಮ ಸರದಿಯ ದಿನ ನೀರನ್ನು ಹಾಸಿನ ಅಡಿಯಲ್ಲೇ ಬಿಟ್ಟರು. ಕೆಳಗೆ ನೀರು, ಮೇಲೆ ಕತ್ತಲೆ. ಬೇರಿಗೆ ಬೇಕಾದ್ದು ಸಿಕ್ಕಿತು, ಬಳ್ಳಿಗೆ ಬೇಕಾದ್ದು ಸಿಗಲಿಲ್ಲ. ಚಳಿಗಾಲ ಬರುತ್ತಲೇ ಹಾಸುಗಳನ್ನು ಎತ್ತಿ, ಬಡಿದು, ಒಣಗಿಸಿ, ಬಟ್ಟೆ ಒಗೆಯುವ ಮನೆಯ ಅಟ್ಟಕ್ಕೆ ಹಾಕಿದರು. ಏಪ್ರಿಲ್‌ನಲ್ಲಿ ಮತ್ತೆ ಹೊದಿಸಿದರು. ಮೇ ತಿಂಗಳ ಮೊದಲ ವಾರದಲ್ಲಿ ಹಾಸಿನ ಅಂಚು ಎತ್ತಿದರೆ ಅಲ್ಲೊಂದು ಇಲ್ಲೊಂದು ಬಿಳಿ ಎಳೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಪಿಯೋನಿ ಮೊಗ್ಗು ಹುಣಸೆಬೀಜದಷ್ಟಾಗಿತ್ತು. ಜೂನ್ ಒಂದು ದೂರವಿರಲಿಲ್ಲ.

ಷರ್ಷೆನ್ ಪ್ರತಿ ಶುಕ್ರವಾರ ಮಸೀದಿಯಿಂದ ಸೀದಾ ಬರುತ್ತಿದ್ದರು. ಪಾತಿಯ ಅಂಚಿನಲ್ಲಿ, ತಮ್ಮ ಹಾಸಿನ ಮೇಲೆ ಕೂರುತ್ತಿದ್ದರು. ಜೂರಕಾನ್ ಥರ್ಮಾಸಿನಿಂದ ಚಹಾ ಬಗ್ಗಿಸುತ್ತಿದ್ದರು, ಅವರು ಜೇಬಿನಿಂದ ಒಣಮೊಸರಿನ ಉಂಡೆ ತೆಗೆದು ಕೊಡುತ್ತಿದ್ದರು. ಮಾತು ಹೆಚ್ಚೇನೂ ಇರುತ್ತಿರಲಿಲ್ಲವಂತೆ. ಯಾರ ಕುರಿ ಎಲ್ಲಿ ಕಳೆಯಿತು, ಯಾರ ಮನೆಯ ಮಾಡು ಹಾರಿತು. "ಬಂದವರು ಏನು ಹೇಳ್ತಾರೆ ಅನ್ನೋದಕ್ಕಿಂತ, ಬಂದ್ರಲ್ಲ ಅನ್ನೋದು ದೊಡ್ಡದು," ಎನ್ನುತ್ತಾರೆ ಜೂರಕಾನ್. "ಗುರುವಾರ ರಾತ್ರೀನೇ ಎರಡು ಬಟ್ಟಲು ತೊಳೆದು ಇಡ್ತಿದ್ದೆ."

ಮೇ ಮಧ್ಯದಲ್ಲಿ, ಒಂದು ಸೋಮವಾರ, ಬೆಳಗಿನ ಚಹಾ ಕುಡಿಯುತ್ತ ಷರ್ಷೆನ್ ತೀರಿಕೊಂಡರು.

ಸುದ್ದಿ ಬಂದಾಗ ಜೂರಕಾನ್ ಪಾತಿಯಲ್ಲೇ ಇದ್ದರು. ಆಮೇಲೆ ಹಾಸುಗಳನ್ನು ಒಂದೊಂದಾಗಿ ಎಬ್ಬಿಸಿ, ಮಣ್ಣು ಉಜ್ಜಿ, ಗೋಡೆಯ ಮೇಲೆ ಬಿಸಿಲಿಗೆ ಹಾಕಿದರು. ಆ ಹೊತ್ತಿನಲ್ಲಿ ಏನು ಯೋಚಿಸಿದಿರಿ ಎಂದು ಕೇಳಿದರೆ ಸುತ್ತುಬಳ್ಳಿಯ ಬಿಳಿ ಎಳೆಗಳ ಮೇಲೆ ಬಿಸಿಲು ಬಿದ್ದದ್ದು ನೆನಪಿದೆ ಎನ್ನುತ್ತಾರೆ. "ಅವಕ್ಕೆ ಒಂದು ದಿನ ಸಾಕು ಹಸಿರಾಗೋಕೆ. ನಂಗೆ ಗೊತ್ತಿತ್ತು."

ಸಂಜೆ ಕೈಗಾಡಿಯಲ್ಲಿ ಹೇರಿಕೊಂಡು ಮೇಲ್ಮನೆಗೆ ಹೋದಾಗ ಅಂಗಳದಲ್ಲಿ ಪಟ್ಟಣದಿಂದ ತರಿಸಿದ ಬಾಡಿಗೆಯ ಉಣ್ಣೆಮನೆ ನಿಲ್ಲಿಸುತ್ತಿದ್ದರು. ಉಣ್ಣೆ ಹೆಸರಿಗೆ ಮಾತ್ರ. ಹೊದಿಸಿದ್ದು ಕಾರ್ಖಾನೆಯ ಬಿಳಿ ಬಟ್ಟೆ. ಬುರುಲ್ ಬಾಗಿಲಲ್ಲೇ ತಡೆದರು.

"ಈ ಮಣ್ಣು ಹಿಡಿದ ಹಾಸು ಯಾಕೆ ತಂದೆ? ಬಿಳಿ ಮನೆ ಬಂದಾಗಿದೆ."

"ತರೋಕೆ ಹೇಳಿದ್ರು."

"ಯಾರ ಮುಂದೆ ಹೇಳಿದ್ರು?"

"ನನ್ನ ಮುಂದೆ."

"ವಾಸನೆ ನೋಡು. ಜನ ಏನಂತಾರೆ?"

"ಮಣ್ಣಿನ ವಾಸನೆ. ಅವರೂ ಅಲ್ಲಿಗೇ ಹೋಗೋದಲ್ವಾ ಅಕ್ಕ."

ಷರ್ಷೆನ್ ತಮ್ಮ, ಬುರುಲ್ ಗಂಡ, ಒಳಗಿನಿಂದ ಎದ್ದು ಬಂದು ಹಾಸಿನ ಅಂಚನ್ನು ಕೈಯಲ್ಲಿ ಹಿಡಿದು ನೋಡಿದರು. "ಇದು ಅತ್ತಿಗೆ ಮಾಡಿದ್ದು," ಎಂದಷ್ಟೇ ಹೇಳಿ, ಬಿಳಿ ಬಟ್ಟೆ ಇಳಿಸಲು ಹುಡುಗರಿಗೆ ಸನ್ನೆ ಮಾಡಿದರು. ಕೊಟ್ಟಿಗೆಯಲ್ಲಿದ್ದ ಹಳೆಯ ಮರದ ಚೌಕಟ್ಟು ಹೊರಗೆ ಬಂತು. ಷರ್ಷೆನ್ ಅವರನ್ನು ಅವರದೇ ಉಣ್ಣೆಮನೆಯಲ್ಲಿ ಮಲಗಿಸಿದರು. ಮೂರನೆಯ ದಿನ ಅಲ್ಲಿಂದಲೇ ಅವರನ್ನು ಎತ್ತಿದರು.

ಸಾವಿನ ಮನೆಯಲ್ಲಿ ಏಳು ದಿನ ಸೊಸೆಯಂದಿರಿಗೆ ಬಿಡುವಿಲ್ಲ. ರೊಟ್ಟಿ ಸುಡಬೇಕು, ಹಂಡೆ ತೊಳೆಯಬೇಕು, ಬಂದವರಿಗೆ ಚಹಾ ಕೊಡಬೇಕು, ಅಳುವ ಸರದಿ ಬಂದಾಗ ಅಳಬೇಕು. ಜೂರಕಾನ್ ಏಳು ದಿನವೂ ಇದ್ದರು. ಅಷ್ಟೂ ದಿನ ಹದವಾದ ಮಳೆ, ನಡುನಡುವೆ ಬಿಸಿಲು.

ಏಳನೆಯ ದಿನದ ಊಟವಾದ ಮೇಲೆ ಮನೆ ಬಿಚ್ಚಿದರು. ಸತ್ತವರ ಮೈ ತೊಳೆದವರಿಗೆ ಸತ್ತವರ ಬಟ್ಟೆಬರೆ ಹಂಚುವುದು ಇಲ್ಲಿನ ರೂಢಿ. ಬುರುಲ್ ಬಟ್ಟೆ ಹಂಚಿದರು, ಕೋಲು ಕೊಟ್ಟರು, ಟೊಪ್ಪಿ ಕೊಟ್ಟರು. ಆಮೇಲೆ ಹಾಸುಗಳನ್ನೂ ನಾಲ್ಕು ಪಾಲು ಮಾಡಿ ಮೈ ತೊಳೆದ ನಾಲ್ವರಿಗೆ ಕೊಟ್ಟರು. ಸತ್ತವರ ಮನೆಯ ಹಾಸು ಸಿಕ್ಕಿದ್ದಕ್ಕೆ ಅವರು ಎದೆಯ ಮೇಲೆ ಕೈಯಿಟ್ಟು ಒಯ್ದರು. ಜೂರಕಾನ್ ಅಲ್ಲೇ ಹಂಡೆ ತಿಕ್ಕುತ್ತಿದ್ದರು.

ಆಮೇಲೆ ನಿನ್ನ ಕಳೆಗೇ ಹೊದಿಸಿಕೋ ಎಂದು ಷರ್ಷೆನ್ ಹೇಳಿದ್ದನ್ನು ಯಾಕೆ ಹೇಳಲಿಲ್ಲ?

"ಹೇಗೆ ಹೇಳೋದು? ತರೋಕೆ ಹೇಳಿದ್ರು ಅಂದಾಗ್ಲೇ ಯಾರ ಮುಂದೆ ಅಂತ ಕೇಳಿದ್ರು. ಕೊಡೋ ಮಾತಿಗೆ ಸಾಕ್ಷಿ ಬೇಡ, ನಾನೇ ಸಾಕು. ತಗೊಳ್ಳೋ ಮಾತಿಗೆ ಬೇಕಲ್ಲ. ಸತ್ತವರ ಹೆಸರು ಹೇಳಿ ಹಾಸು ಕೇಳಿದ್ಲು ಅಂತಿದ್ರು. ಅವರ ಹೆಸರು ಹೇಳೋ ಹಾಗೂ ಇಲ್ಲ ನಾನು."

ಬುರುಲ್ ಅವರನ್ನು ಕೇಳಿದರೆ ಅವರು ಬೇರೆ ಮಾತು ಹೇಳುತ್ತಾರೆ. "ಬಾಯಿ ಬಿಟ್ಟು ಕೇಳಿದ್ರೆ ಎರಡು ಹಾಸು ಎತ್ತಿಡ್ತಿದ್ದೆ. ನಾನೇನು ರಾಕ್ಷಸೀನಾ? ಅವಳು ಯಾವಾಗಲೂ ಹೀಗೇ. ಗಿಡದ ಜೊತೆ ಇದ್ದು ಇದ್ದು ಮನುಷ್ಯರ ಹತ್ರ ಕೇಳೋದು ಮರೆತುಬಿಟ್ಟಿದಾಳೆ." ಹೇಳಿ ಮುಗಿಸಿ, ಬಿಸಿ ರೊಟ್ಟಿ ಎರಡನ್ನು ಬಟ್ಟೆಯಲ್ಲಿ ಕಟ್ಟಿ, "ಅವಳಿಗೆ ಕೊಡಿ" ಎಂದರು.

ಎಂಟನೆಯ ದಿನ ಬೆಳಗ್ಗೆ ಜೂರಕಾನ್ ಪಾತಿಗೆ ಬಂದಾಗ ಕೆಳಪಾತಿ ಹಸಿರಾಗಿತ್ತು. ಸುತ್ತುಬಳ್ಳಿ ಗೇಣುದ್ದ ಎದ್ದು ಪಿಯೋನಿಯ ದಂಟು ಹಿಡಿದಿತ್ತು. ಕೆಲವು ಕಡೆ ಮೊಗ್ಗಿನ ಕತ್ತಿಗೇ ಸುತ್ತಿತ್ತು. ಕತ್ತಲಲ್ಲಿ ಹಸಿದಿದ್ದ ಬೇರಿಗೆ ನೀರು, ಬಿಸಿಲು ಎರಡೂ ಒಟ್ಟಿಗೆ ಸಿಕ್ಕಿತ್ತು. ಗಿರಣಿಯಲ್ಲಿ ಆ ತಿಂಗಳು ಸಿಪ್ಪೆಯೂ ಇರಲಿಲ್ಲ. ಎಣ್ಣೆ ತೆಗೆಯುವುದು ಶರತ್ಕಾಲದಲ್ಲಿ. ಕೈಯಿಂದಲೇ ಕೀಳಲು ಕೂತರು. ಬೆಳಕು ಹರಿಯುವಾಗ ಶುರು ಮಾಡಿ ಕಣ್ಣು ಕಾಣುವವರೆಗೆ. ಕೊನೆಯ ಸಾಲಿಗೆ ಬರುವ ಹೊತ್ತಿಗೆ ಮೊದಲ ಸಾಲು ಮತ್ತೆ ಹಸಿರಾಗಿರುತ್ತಿತ್ತು.

ಜೂನ್ ಒಂದರಂದು ಎರ್ಮೆಕ್ ಬಂದರು, ಹೇಳಿದ ಹಾಗೆ. ಇಬ್ಬರೂ ನಿಂತು ನೋಡಿದರು.

"ಆಗಲಿಲ್ಲ ಮಗಾ," ಎಂದರು ಜೂರಕಾನ್.

"ಹೋದ ತಿಂಗಳು ಚೆನ್ನಾಗಿತ್ತಲ್ಲ ಅಪಾ. ಏನಾಯ್ತು?"

"ಬಳ್ಳಿ ಬಂತು."

ಎರ್ಮೆಕ್, ಗಿಡ ಬೇಕಾದರೆ ತೆಗೆದುಕೊಳ್ಳಿ, ಯಂತ್ರ ನಾಳೆ ಮಧ್ಯಾಹ್ನ ಬರುತ್ತದೆ ಎಂದರು. ಹಾಸಿನ ಕಥೆ ಅವರ ಕಿವಿಗೆ ಬಿದ್ದದ್ದು ಜುಲೈಯಲ್ಲಿ, ಬೇರೆಯವರ ಬಾಯಿಂದ. "ನಂಗೆ ಹೇಳಿದ್ರೆ ಒಂದು ವಾರ ತಡೀತಿದ್ದೆ," ಎನ್ನುತ್ತಾರೆ ಈಗ, ಸ್ವಲ್ಪ ಮುಖ ಸಣ್ಣದು ಮಾಡಿಕೊಂಡು. ಆ ಮಾತು ಜೂರಕಾನ್‌ಗೆ ತಲುಪಿಸಿದರೆ ಅವರು ತಲೆಯಾಡಿಸುತ್ತಾರೆ. "ಒಂದು ವಾರದಲ್ಲಿ ಸುತ್ತುಬಳ್ಳಿ ಹೋಗಲ್ಲ. ಮತ್ತೊಂದು ವರ್ಷ ಬೇಕಿತ್ತು. ಅವನು ಮಾತು ತಪ್ಪಲಿಲ್ಲ, ಒಂದು ವರ್ಷ ಕೊಡ್ತೀನಿ ಅಂದ, ಕೊಟ್ಟ."

ಮೊಗ್ಗು ಬಿಟ್ಟ ಪಿಯೋನಿಯನ್ನು ಜೂನ್‌ನಲ್ಲಿ ಅಗೆಯಬಾರದು. ಅಗೆದರೆ ಹೆಚ್ಚಿನವು ಬದುಕುವುದಿಲ್ಲ. ಬೇರೆ ದಿನ ಇರಲಿಲ್ಲವಾದ್ದರಿಂದ ಅವರು ಮೊಗ್ಗೆಲ್ಲ ಕತ್ತರಿಸಿ, ಆ ಸಂಜೆಯೂ ಮರುದಿನ ಬೆಳಗೂ ಅಗೆದರು. ಮೂವತ್ತೆಂಟರಲ್ಲಿ ಹದಿನಾಲ್ಕು ಎತ್ತಲು ಸಾಧ್ಯವಾಯಿತು. ಬೇರಿಗೆ ಸಿಕ್ಕಿಕೊಂಡ ಬಿಳಿ ಎಳೆಗಳನ್ನು ಬಕೆಟ್ಟಿನ ನೀರಿನಲ್ಲಿ ತೊಳೆದು ತೊಳೆದು ಬಿಡಿಸಿ, ಬಟ್ಟೆ ಒಗೆಯುವ ಮನೆಯ ಹಿಂದೆ, ಯಾರೂ ಕಾರು ನಿಲ್ಲಿಸದ ಕಡೆ ನೆಟ್ಟರು.

ಸಿಪ್ಪೆಯ ಕೊನೆಯ ಗಾಡಿಯನ್ನು ಈಗ ಅಲ್ಲಿಗೇ ತಳ್ಳುತ್ತಿದ್ದಾರೆ. ಮೇಲ್ಪಾತಿ ಮುಗಿದಿದೆ. ದಾರಿಯಲ್ಲಿ ಕೆಳಪಾತಿ ಇದ್ದ ಜಾಗದಲ್ಲಿ ಬೂದು ಜಲ್ಲಿ. ಕಾಲ ಮುಗಿದಿರುವುದರಿಂದ ಒಂದೂ ಕಾರಿಲ್ಲ. ಊರಿಂದ ಬರುವ ದಾರಿಯಲ್ಲೂ ಅವರಿಗೆ ನೋಡಬೇಕಾದದ್ದು ಒಂದಿದೆ. ಮೈ ತೊಳೆದವರಲ್ಲಿ ಒಬ್ಬರ ಮನೆಯಲ್ಲಿ ಷರ್ಷೆನ್ ಹಾಸಿನ ಪಾಲನ್ನು ಹಸುವಿನ ಕೊಟ್ಟಿಗೆಯ ಬಾಗಿಲಿಗೆ ಇಳಿಬಿಟ್ಟಿದ್ದಾರೆ, ಚಳಿ ಒಳಗೆ ನುಗ್ಗದ ಹಾಗೆ. ಒಳ್ಳೆಯ ಕೆಲಸಕ್ಕೇ ಬಂತು ಎನ್ನುತ್ತಾರೆ ಜೂರಕಾನ್. ಹಸು ಬೆಚ್ಚಗಿರುತ್ತದೆ.

ಒಗೆಯುವ ಮನೆಯ ಹಿಂದೆ ಒಂಬತ್ತು ಗಿಡ ಬದುಕಿವೆ. ಎಲೆ ಚಿಕ್ಕದು, ಅಂಚು ಕಂದಿದೆ. ಮಂಡಿಯೂರಿ ಒಂದೊಂದರ ಸುತ್ತಲೂ ಒದ್ದೆ ಸಿಪ್ಪೆ ಹರಡಿ, ನೆತ್ತಿಯ ಮೇಲೆ ಬಿದ್ದ ಒಂದೆರಡನ್ನು ಬೆರಳಿನಿಂದ ಆಯ್ದು ತೆಗೆಯುತ್ತಾರೆ. ಇಂಥ ಗಿಡ ಚೇತರಿಸಿಕೊಂಡು ಹೂ ಬಿಡಲು ಮೂರು ವರ್ಷ ಬೇಕು. ಅಲ್ಲಿಯವರೆಗೆ ಮಂಡಿ ನಡೆಸಿಕೊಟ್ಟರೆ ಸಾಕು, ಮತ್ತೇನೂ ಬೇಡ ಎನ್ನುತ್ತಾರೆ. ಯಾರಾದರೂ ಕೆಲಸಕ್ಕೆ ಜೊತೆಗಿದ್ದರೆ ಒಳ್ಳೆಯದಿತ್ತು; ಕೆಲಸಕ್ಕಲ್ಲದಿದ್ದರೂ, ಚಹಾಕ್ಕೆ.

ಆ ಸೋಮವಾರ ಹಾಸು ಎತ್ತದೆ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆ ಅನಿಸಿದ್ದುಂಟೇ ಎಂದು ಕೇಳಿದರೆ ಜೂರಕಾನ್ ಕೈಗಾಡಿಯನ್ನು ಬೋರಲು ಹಾಕಿ, ಅಂಟಿದ ಸಿಪ್ಪೆ ಉದುರಲಿ ಎಂದು ಎರಡು ಸಲ ತಟ್ಟಿ, ಆಮೇಲೆ ಉತ್ತರ ಕೊಡುತ್ತಾರೆ.

"ಕೆಳಪಾತಿ ಹೋಯ್ತು. ಮೇಲ್ಮನೆಯವರು ಅವರ ಮನೆಯಿಂದ್ಲೇ ಹೋದ್ರು. ಆಗಿದ್ದು ಅಷ್ಟೇ."